ಮುಖ ನೋಡಿ ಹೇಳಿ

ಹನ್ನೆರಡು ಚಿತ್ರಗಳಲ್ಲಿ ಐದರ ಬೆನ್ನು ಖಾಲಿ ಇತ್ತು. ಅದು ಮೊದಲು ಗೊತ್ತಾಗಿದ್ದು ಅವಳ ಬೆರಳಿಗೆ. ಇಸ್ಪೀಟು ಎಲೆಗಳನ್ನು ಒಟ್ಟು ಮಾಡುವ ಹಾಗೆ ಚಿತ್ರಗಳನ್ನು ಮೇಜಿಗೆ ಕುಟ್ಟಿ ಸರಿಮಾಡುವಾಗ, ಹಿಂದೆ ಚೀಟಿ ಅಂಟಿಸಿದವು ಒಂದಿಷ್ಟು ದಪ್ಪಗೆ, ಒರಟಾಗಿ ತಾಗಿದವು. ಉಳಿದವು ನುಣ್ಣಗೆ ಜಾರಿದವು. ಪತ್ರಿಕೆಯಲ್ಲಿ ಈಗ ಯಾರೂ ಚಿತ್ರಗಳನ್ನು ಕಾಗದದ ಮೇಲೆ ನೋಡುತ್ತಿರಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಅವಳ ಮೇಜಿಗೆ ಬರುವ ಪ್ರತಿಯೊಂದು ಚಿತ್ರವನ್ನೂ ಅಂಗೈಯಗಲಕ್ಕೆ ಅಚ್ಚು ಹಾಕಿಸಿ, ಬೆನ್ನಿಗೆ ಹಳದಿ ಚೀಟಿ ಅಂಟಿಸಿ ತರಬೇಕು. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಮೂರು ಸಾಲು: ಚಿತ್ರದಲ್ಲಿರುವವರು ಯಾರು, ಅವರ ಬಗ್ಗೆ ನಾವು ಹೇಳುತ್ತಿರುವುದೇನು, ಅದನ್ನು ನಮಗೆ ಹೇಳಿದವರು ಯಾರು. ಮೂರನೆಯ ಸಾಲು ತುಂಬದೆ ಅವಳು ರುಜು ಹಾಕುತ್ತಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ನಡುವೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ಅವಳು. ಒಮ್ಮೆ ಮಂತ್ರಿಯೊಬ್ಬನ ಸಾವಿನ ಸುದ್ದಿಯನ್ನು ಮೂರನೆಯ ಸಾಲಿಗಾಗಿ ನಲವತ್ತು ನಿಮಿಷ ತಡೆದು ಎಲ್ಲರಿಂದ ಬೈಸಿಕೊಂಡಿದ್ದಳು. ಮಂತ್ರಿ ಇನ್ನೂ ಒಂಬತ್ತು ವರ್ಷ ಬದುಕಿದ. ಅಂದಿನಿಂದ ಅವಳಿಗೆ ಖಾತ್ರಿ ಮೇಡಂ ಎಂದು ಹೆಸರು ಬಿತ್ತು. ಅದು ಹೊಗಳಿಕೆಯೋ ಗೇಲಿಯೋ ಎಂದು ಮಾತ್ರ ಅವಳು ಖಾತ್ರಿ ಮಾಡಿಕೊಂಡಿರಲಿಲ್ಲ.

ಚಿತ್ರಗಳನ್ನು ತಂದವಳು ಪದಬಂಧದವಳು. ವಾರದ ಪುರವಣಿಯ ಕೊನೆಯ ಪುಟಕ್ಕೆ ಪದಬಂಧ, ಒಗಟು, ಆರು ವ್ಯತ್ಯಾಸ ಹುಡುಕಿ, ಇಂಥವನ್ನೆಲ್ಲ ಮಾಡಿಕೊಡುವ ಹುಡುಗಿ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದರೂ ಉತ್ಸಾಹ ಇನ್ನೂ ಇಂಗಿರಲಿಲ್ಲ. ಮೇಜಿನ ಅಂಚಿಗೆ ಒರಗಿ ನಿಂತು ಒಂದೇ ಉಸಿರಿಗೆ ವಿವರಿಸಿದಳು.

“ಆಟದ ಹೆಸರು ‘ಮುಖ ನೋಡಿ ಹೇಳಿ’ ಮೇಡಂ. ಹನ್ನೆರಡು ಜನ, ಎಲ್ಲರೂ ಹೆಸರಾದವರೇ. ಇದರಲ್ಲಿ ಏಳು ಜನ ತಾವು ಸಲಿಂಗಿ ಅಂತ ತಾವೇ ಬಹಿರಂಗವಾಗಿ ಹೇಳ್ಕೊಂಡವರು. ಅವರು ಯಾರ್ಯಾರು ಅಂತ ಓದುಗರು ಬರೀ ಮುಖ ನೋಡಿ ಹೇಳ್ಬೇಕು.”

“ಹೇಳಿಬಿಟ್ಟರೆ?”

“ಹೇಳಕ್ಕಾಗಲ್ಲ. ಅದೇ ಆಟ! ನಮ್ಮ ಬೀದೀಲಿ ಮೂವತ್ತು ಜನಕ್ಕೆ ತೋರಿಸಿ ನೋಡಿದೀನಿ. ಒಬ್ಬರಿಗೆ ಎಂಟು ಸರಿ ಬಂತು, ಒಬ್ಬರಿಗೆ ಮೂರು. ಒಟ್ಟು ಸರಾಸರಿ ಆರು. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರುತ್ತೆ. ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ ಅಂತ ಜನಕ್ಕೆ ಗೊತ್ತಾಗ್ಲಿ ಅಂತಾನೇ ಮಾಡಿದ್ದು.”

ಖಾತ್ರಿ ಮೇಡಂಗೆ ಆಟ ಇಷ್ಟವಾಯಿತು. ಮೂವತ್ತು ಜನರನ್ನು ಕೇಳಿ ಲೆಕ್ಕ ಇಟ್ಟ ಈ ಹುಡುಗಿಯೂ ಇಷ್ಟವಾದಳು. ಏಳು ಚೀಟಿಗಳನ್ನು ಒಂದೊಂದಾಗಿ ಓದಿದಳು. ನಿವೃತ್ತ ನ್ಯಾಯಾಧೀಶರು ಬೀಳ್ಕೊಡುಗೆಯ ದಿನ ಮೂವತ್ತು ವರ್ಷ ತಮ್ಮ ಕಾಲರಿಗೆ ಇಸ್ತ್ರಿ ಹಾಕಿಕೊಟ್ಟ ಗೆಳೆಯನಿಗೆ ಕೃತಜ್ಞತೆ ಹೇಳಿ, ಗೆಳೆಯ ಎಂದರೆ ಏನೆಂದು ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿದ್ದರು. ಭಾಷಣದ ಪ್ರತಿ ಇತ್ತು. ಈಜುಗಾರ್ತಿ ಪದಕ ಕೊರಳಿಗೆ ಬಿದ್ದ ಸಂಜೆ ಹೇಳಿದ್ದಳು. ಪರ್ವತ ಹತ್ತುವವನು ಒಂದು ಸಂದರ್ಶನದಲ್ಲಿ, ಹವೆ ಮತ್ತು ಬೂಟುಗಳ ಬಗ್ಗೆ ಮಾತಾಡುವ ನಡುವೆ, ಗಂಟಲು ಸರಿಮಾಡಿಕೊಂಡಷ್ಟೇ ಸಲೀಸಾಗಿ ಹೇಳಿಬಿಟ್ಟಿದ್ದ. ಏಳಕ್ಕೆ ಏಳೂ ಸ್ವಂತ ಬಾಯಿಂದ ಬಂದ ಮಾತು. ಏಳಕ್ಕೂ ರುಜು ಹಾಕಿದಳು. ಆಮೇಲೆ ಉಳಿದ ಐದನ್ನು ಮೇಲೆ ಕೆಳಗೆ ಮಾಡಿ, “ಇವಕ್ಕೆ ಚೀಟಿ ಎಲ್ಲಮ್ಮಾ?” ಎಂದಳು.

“ಅವರು ಅಲ್ಲ ಮೇಡಂ. ಸುಮ್ನೆ ಬೆರಕೆಗೆ ಹಾಕಿರೋದು. ಎಲ್ಲರೂ ಹೌದೇ ಆಗ್ಬಿಟ್ರೆ ಆಟ ಎಲ್ಲಿರುತ್ತೆ?”

“ಅಲ್ಲ ಅಂತ ಯಾರು ಹೇಳಿದ್ದು?”

ಪದಬಂಧದವಳು ನಕ್ಕಳು. “ಅಲ್ಲ ಅನ್ನೋದಕ್ಕೂ ಆಧಾರ ಬೇಕಾ?”

ನಗುತ್ತಾ ಕೇಳಿದ್ದಾದರೂ ಪ್ರಶ್ನೆ ಗಟ್ಟಿಯಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅದು ತನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಅವಳಿಗೆ ಕುತೂಹಲವೇ ಆಯಿತು. ಹೌದು ಎನ್ನುವುದಕ್ಕೆ ಮೂರನೆಯ ಸಾಲು ಬೇಕು. ಅಲ್ಲ ಎನ್ನುವುದು ತಾನಾಗಿಯೇ ನಿಂತಿರುತ್ತದೆ, ಯಾರೂ ಕಟ್ಟದ ಗೋಡೆಯ ಹಾಗೆ. ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತ ಐದು ಚಿತ್ರಗಳನ್ನು ಮುಖ ಮೇಲಾಗಿ ಹಾಸಿದಳು. ಉದ್ದ ಕೂದಲಿನ ಕೊಳಲು ವಾದಕ. ಕುಸ್ತಿಪಟು. ಮೋಟುಗೂದಲಿನ ವಿಜ್ಞಾನಿ. ಮೀಸೆಯ ಸೇನಾಧಿಕಾರಿ. ಮೂಲೆಯಲ್ಲಿ ಒಂಬತ್ತು ಎಂದು ನಮೂದಿಸಿದ ಕೊನೆಯ ಚಿತ್ರದಲ್ಲಿ ಒಬ್ಬ ಫುಟ್‌ಬಾಲ್ ರೆಫರಿ: ಬಾಯಲ್ಲಿ ಸೀಟಿ, ಕೆನ್ನೆ ಉಬ್ಬಿದೆ, ಬಲಗೈ ನೆಟ್ಟಗೆ ಆಕಾಶಕ್ಕೆ ಎತ್ತಿದೆ, ಐದು ಬೆರಳೂ ಅಂಟಿಕೊಂಡು ನಿಂತಿವೆ, ಸುತ್ತ ನಾಲ್ಕು ಆಟಗಾರರು ಬಾಯಿ ತೆರೆದು ಅವನ ಮೇಲೆ ಬೀಳುತ್ತಿದ್ದಾರೆ.

ಅವನು ಅವಳ ತಮ್ಮ.

“ಇದು ಸುಲಭದ್ದು ಇರ್ಲಿ ಅಂತ ಹಾಕಿದ್ದು ಮೇಡಂ,” ಎಂದು ಪದಬಂಧದವಳು ಬೆರಳಿಟ್ಟು ತೋರಿಸಿದಳು. “ಮೂವತ್ತರಲ್ಲಿ ಇಪ್ಪತ್ತೆಂಟು ಜನ ಇವರನ್ನ ನೋಡಿ ಅಲ್ಲವೇ ಅಲ್ಲ ಅಂದ್ರು.”

ಉಳಿದ ಇಬ್ಬರು ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಷ್ಟರಲ್ಲಿ ಟೀ ಬಂತು. ಟೀಯ ಹಿಂದೆಯೇ ಕ್ರೀಡಾ ಸುದ್ದಿ ನೋಡಿಕೊಳ್ಳುವ ಆಟದ ಪುಟದವನೂ ಪುಟ ಜೋಡಿಸಿ ಕಟ್ಟುವವನೂ ಲೋಟ ಹಿಡಿದು ಬಂದರು. ಹನ್ನೊಂದು ಗಂಟೆಗೆ ಅವಳ ಮೇಜಿನ ಹತ್ತಿರ ನಿಂತು ಟೀ ಕುಡಿಯುವುದು ಅವರ ಹಳೆಯ ರೂಢಿ, ಕಿಟಕಿ ಇದ್ದದ್ದು ಅಲ್ಲೊಂದೇ. ಪದಬಂಧದವಳು ಹನ್ನೆರಡೂ ಚಿತ್ರಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ಕಾಗದ ಹರಿದು ಎಲ್ಲರ ಕೈಗೂ ಕೊಟ್ಟಳು. ಖಾತ್ರಿ ಮೇಡಂ ಕೈಗೂ.

“ನಂಗ್ಯಾಕಮ್ಮ, ಏಳರದ್ದು ನಾನು ಈಗಷ್ಟೇ ನೋಡಿದೀನಿ.”

“ಚೀಟಿ ಓದಿದ್ರಿ, ಮುಖ ನೋಡಿದ್ರಾ? ಬೆನ್ನು ನೋಡಿ ರುಜು ಹಾಕಿದ್ರಿ. ಯಾರ ಮುಖ ಯಾವುದು ಅಂತ ನೆನಪಿದ್ರೆ ಹೇಳಿ ನೋಡೋಣ.”

ಪರ್ವತ ಹತ್ತುವವನೂ ಸೇನಾಧಿಕಾರಿಯೂ ಒಂದೇ ಬಗೆಯ ಮೀಸೆಯವರು. ಬಾಣಸಿಗನೂ ವಾರ್ತೆ ಓದುವವನೂ ಒಂದೇ ಬಣ್ಣದ ಕೋಟಿನವರು. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ; ತಮ್ಮನನ್ನು ಕಂಡ ಮೇಲೆ, ಹಾಸಿಟ್ಟ ಉಳಿದ ನಾಲ್ಕು ಮುಖಗಳೂ ಮನಸ್ಸಿಗೆ ಇಳಿದಿರಲಿಲ್ಲ. ಅವಳು ಮುಖಗಳನ್ನು ಬಿಟ್ಟು ನೋಡುವವರನ್ನು ನೋಡತೊಡಗಿದಳು. ಅದು ಹೆಚ್ಚು ಸ್ವಾರಸ್ಯವಾಗಿತ್ತು. ಪುಟ ಕಟ್ಟುವವನು ಪ್ರತಿ ಚಿತ್ರದಲ್ಲೂ ಮೊದಲು ಕೈ ನೋಡುತ್ತಿದ್ದ, ಆಮೇಲೆ ಕುತ್ತಿಗೆ. ಕಣ್ಣಿಗೆ ಬರುತ್ತಲೇ ಇರಲಿಲ್ಲ. ಆಟದ ಪುಟದವನು ಬಟ್ಟೆಯ ಮಡಿಕೆ ನೋಡುತ್ತಿದ್ದ. ನೋಡುವಾಗ ಇಬ್ಬರ ಮುಖದಲ್ಲೂ ಮಾವಿನಹಣ್ಣು ಒತ್ತಿ ನೋಡುವವರ ಗಾಂಭೀರ್ಯವಿತ್ತು. ಮುಖ ನೋಡಿ ಮಣೆ ಹಾಕುತ್ತಾರೆ ಎನ್ನುವುದನ್ನು ಕೇಳಿದ್ದಳು, ಹೀಗೆ ಸಾಲಾಗಿ ಹಾಕುವುದನ್ನು ನೋಡಿರಲಿಲ್ಲ.

“ಈ ಕೊಳಲಿನವನು ನೂರಕ್ಕೆ ನೂರು,” ಎಂದ ಪುಟ ಕಟ್ಟುವವನು. “ಕೂದಲು ನೋಡ್ರೀ.”

“ನಿನ್ನ ಕೂದಲೂ ಅಷ್ಟೇ ಇತ್ತಲ್ಲೋ, ಮದುವೆಗೆ ಮುಂಚೆ.”

“ಅದು ಫ್ಯಾಷನ್ ಕಣಪ್ಪ.”

“ಹಾಗಾದ್ರೆ ಇವನದ್ದೇನು, ಹರಕೆನಾ?”

ಎಲ್ಲರೂ ನಕ್ಕರು. ಅವಳೂ. ಸಾಲಿನಲ್ಲಿ ಒಂಬತ್ತು ಬಂದಾಗ ಆಟದ ಪುಟದವನು ಬಿಸ್ಕತ್ತು ಮುರಿಯುತ್ತ, “ಇವನ್ಯಾಕೆ ಇಲ್ಲಿ? ಇವನನ್ನ ನಾನು ಬಲ್ಲೆ. ಹೋದ ವರ್ಷ ಫೈನಲ್ಲಿನಲ್ಲಿ ಪೆನಾಲ್ಟಿ ಕೊಟ್ಟು ಮೂವತ್ತು ಸಾವಿರ ಜನರ ಕೈಲಿ ಉಗಿಸ್ಕೊಂಡು ಕಣ್ಣು ಮಿಟುಕಿಸದೆ ನಿಂತವನು. ಇವನಂತೂ ಅಲ್ಲ ಬಿಡಿ,” ಎಂದ. ಪುಟ ಕಟ್ಟುವವನು ತಲೆ ವಾರೆ ಮಾಡಿದ. “ನಂಗ್ಯಾಕೋ ಅನುಮಾನ. ಆ ಕೈ ನೋಡಿ. ಅಷ್ಟು ನೆಟ್ಟಗೆ ಯಾರು ಇಟ್ಕೋತಾರೆ? ಯಾರೋ ಹೇಳಿಕೊಟ್ಟ ಹಾಗಿದೆ.” ಪದಬಂಧದವಳು ಅವಳ ಕಡೆ ತಿರುಗಿ, “ಮೇಡಂ, ನೀವು? ಒಂಬತ್ತು?” ಎಂದಳು. ಆಧಾರವಿಲ್ಲದೆ ಒಂದು ಅಕ್ಷರ ಬಿಡದವಳು, ಟೀಯ ಲೋಟದ ಅಂಚಿನ ಮೇಲಿಂದ ತಮ್ಮನ ಮುಖ ನೋಡಿ, “ಅಲ್ಲ,” ಎಂದಳು.

ಕೊನೆಗೆ ಅಂಕ ಹಾಕಿದಾಗ ಆಟದ ಪುಟದವನಿಗೆ ಏಳು, ಪುಟ ಕಟ್ಟುವವನಿಗೆ ಆರು, ಅವಳಿಗೆ ಐದು. ಖಾತ್ರಿ ಮೇಡಂ ನಾಣ್ಯಕ್ಕಿಂತ ಕಡೆ ಎಂದು ಇಬ್ಬರೂ ಮೇಜು ತಟ್ಟಿ ಕುಣಿದರು. ಅವಳ ಕಾಗದದಲ್ಲಿ ಒಂಬತ್ತರ ಮುಂದೆ ಪದಬಂಧದವಳು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದಳು. ಸಿಕ್ಕ ಐದರಲ್ಲಿ ಅದೂ ಒಂದು.

ಪುರವಣಿಯ ಪುಟ ಸಂಜೆ ನಾಲ್ಕು ಗಂಟೆಗೆ ಅಚ್ಚಿಗೆ ಹೋಗಬೇಕು, ರುಜು ಅಷ್ಟರೊಳಗೆ ಬೇಕು. ಅವರೆಲ್ಲ ಹೋದ ಮೇಲೆ ಅವಳು ಒಂಬತ್ತನೆಯ ಚಿತ್ರವನ್ನು ಮುಂದಿಟ್ಟುಕೊಂಡು, ಬೇರೆ ಯಾರದೋ ಚಿತ್ರವೆಂಬಂತೆ ಕೆಲಸಕ್ಕೆ ತೊಡಗಿದಳು. ಮೊದಲ ಸಾಲು, ಚಿತ್ರದಲ್ಲಿರುವವರು ಯಾರು. ಅದು ಗೊತ್ತು, ಅವನಿಗೆ ನಡೆಯಲು ಕಲಿಸಿದವರಲ್ಲಿ ಅವಳೂ ಒಬ್ಬಳು. ಎರಡನೆಯ ಸಾಲು, ನಾವು ಹೇಳುತ್ತಿರುವುದೇನು. ಅಲ್ಲ ಎಂದು. ಮೂರನೆಯ ಸಾಲು. ಪೆನ್ಸಿಲು ಅಲ್ಲಿ ನಿಂತಿತು. ತಮ್ಮ ಅವಳಿಗೆ ಇಲ್ಲಿಯ ತನಕ ಏನನ್ನೂ ಹೇಳಿರಲಿಲ್ಲ, ಹೌದೆಂದೂ ಅಲ್ಲವೆಂದೂ. ಹನ್ನೊಂದು ವರ್ಷದಿಂದ ಅವನ ಮನೆಯಲ್ಲಿ ಇನ್ನೊಬ್ಬನಿದ್ದ. ಕನ್ನಡಕದ ಅಂಗಡಿ ಇಟ್ಟವನು, ತಾನೇ ಕಣ್ಣು ಪರೀಕ್ಷೆ ಮಾಡುವವನು. ಅಮ್ಮ ಅವನನ್ನು ‘ನಿನ್ನ ಜೊತೆಯವನು’ ಎನ್ನುತ್ತಿದ್ದಳು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇವಳು ‘ಡಾಕ್ಟ್ರೇ’ ಎನ್ನುತ್ತಿದ್ದಳು. ಡಾಕ್ಟರನಲ್ಲದವನನ್ನು ಡಾಕ್ಟರ್ ಎಂದು ಕರೆಯುವುದು ತಪ್ಪು ಮಾಹಿತಿ ಎಂದು ಗೊತ್ತಿದ್ದೂ, ಅದಕ್ಕಿಂತ ಹತ್ತಿರದ ಯಾವ ಹೆಸರನ್ನೂ ಬಾಯಿಗೆ ತಂದುಕೊಳ್ಳಲು ಭಯವಾಗಿ. ನಾಲ್ಕು ಸಲ ಅವಳ ಕನ್ನಡಕ ಬದಲಾಯಿಸಿದ್ದ. ಕತ್ತಲೆ ಕೋಣೆಯಲ್ಲಿ ಅವಳ ಮುಖದ ಹತ್ತಿರ ಮುಖ ತಂದು, ಇದು ಸ್ಪಷ್ಟವೋ, ಇದೋ, ಈಗ ಇದೋ ಎಂದು ಗಾಜು ಬದಲಿಸುತ್ತಿದ್ದ. ಎರಡೂ ಒಂದೇ ಥರ ಕಾಣುತ್ತೆ ಎಂದರೆ, ಪರವಾಗಿಲ್ಲ, ಅವಸರವಿಲ್ಲ ಎನ್ನುತ್ತಿದ್ದ. ಅಷ್ಟು ಹತ್ತಿರದಿಂದ ಅವಳ ಕಣ್ಣೊಳಗೆ ನೋಡಿದವರು ಗಂಡನನ್ನೂ ಸೇರಿಸಿ ಇನ್ನಾರೂ ಇರಲಾರರು. ಅಮ್ಮನ ಎಪ್ಪತ್ತನೇ ವರ್ಷದ ಊಟದ ದಿನ ಎಲ್ಲರನ್ನೂ ಹಿತ್ತಲಿನಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವಾಗ, ಅವನು ತಮ್ಮನ ಪಕ್ಕ, ಒಂದು ಹೆಜ್ಜೆ ಬಿಟ್ಟು, ಕರೆದರೆ ಬರುತ್ತೇನೆ ಎನ್ನುವವನ ಹಾಗೆ ನಿಂತಿದ್ದ. ಇವಳು ಕ್ಯಾಮರಾ ಅವನ ಕೈಗಿಟ್ಟಳು. “ನೀವೇ ತೆಗೀರಿ ಡಾಕ್ಟ್ರೇ, ನಿಮ್ಮ ಕೈ ನಡುಗಲ್ಲ.” ಅವನು ನಗುತ್ತ ಇಸಿದುಕೊಂಡ. ಚಿತ್ರ ಚೆನ್ನಾಗಿ ಬಂದಿತ್ತು, ಯಾರ ತಲೆಯೂ ಕತ್ತರಿಸಿರಲಿಲ್ಲ.

ತಾನು ಕೇಳದೆ ಇದ್ದದ್ದು ಮರ್ಯಾದೆಯಿಂದ ಎಂದು ಅವಳು ನಂಬಿದ್ದಳು. ಸ್ವಂತ ಬಾಯಿಂದ ಬರುವವರೆಗೆ ನಾವು ಊಹಿಸಬಾರದು; ಮನೆಗೂ ಅದೇ ನಿಯಮ. ನಂಬಿಕೆಗೆ ಎಲ್ಲೂ ಬಿರುಕು ಇರಲಿಲ್ಲ, ಪುಟ ಕಟ್ಟುವವನು ಆ ಕೈಯ ಬಗ್ಗೆ ಹೇಳುವ ತನಕ. ಯಾರೋ ಹೇಳಿಕೊಟ್ಟ ಹಾಗಿದೆ. ತಮ್ಮನಿಗೆ ಆಗ ಹನ್ನೆರಡು, ಇವಳಿಗೆ ಹತ್ತೊಂಬತ್ತು. ಶಾಲೆಯ ಗುರುತಿನ ಚೀಟಿಗೆ ಫೋಟೋ ತೆಗೆಸಲು ಕರೆದುಕೊಂಡು ಹೋಗಿದ್ದಳು. ಸ್ಟುಡಿಯೋದ ಕನ್ನಡಿಯ ಮುಂದೆ ಅವನು ಸುಮ್ಮನೆ ನಿಂತು, ಮಣಿಕಟ್ಟನ್ನು ಸಡಿಲ ಬಿಟ್ಟು, ಬೆರಳುಗಳಿಂದ ಗಾಳಿಯಲ್ಲಿ ಏನನ್ನೋ ಸವರುತ್ತ ತನ್ನಷ್ಟಕ್ಕೆ ಹಾಡು ಗುನುಗುತ್ತಿದ್ದ. ಫೋಟೋದವನು ಅದನ್ನು ನೋಡಿ ಒಂದು ನಗೆ ನಕ್ಕ. ಆ ನಗೆ ಇವಳಿಗೆ ಅರ್ಥವಾಯಿತು. ಅರ್ಥವಾಗಿದ್ದಕ್ಕೇ ಸಿಟ್ಟು ಬಂತು. ತಮ್ಮನ ಕೈ ಹಿಡಿದು ಬೆರಳುಗಳನ್ನು ಒಂದಕ್ಕೊಂದು ಒತ್ತಿ ಕೂಡಿಸಿ, “ಹೀಗೆ ಇಟ್ಕೋ. ಗಂಡಸರು ಕೈ ಹೀಗೆ ಇಟ್ಕೋತಾರೆ,” ಎಂದಿದ್ದಳು. ಎದೆ ಮಟ್ಟದ ಫೋಟೋ, ಕೈ ಅದರಲ್ಲಿ ಬರುವುದೇ ಇರಲಿಲ್ಲ. ಹಾಗಾದರೆ ಊಹಿಸಲಿಲ್ಲ ಎನ್ನುವುದು ಸುಳ್ಳು. ಎಲ್ಲರಿಗಿಂತ ಮೊದಲು, ಅವನಿಗೂ ಮೊದಲು, ಮುಖ ನೋಡಿ ಹೇಳಿದವಳು ಅವಳೇ. ಉತ್ತರವನ್ನು ಒಳಗಿಟ್ಟುಕೊಂಡು ಮೂವತ್ತು ವರ್ಷ ಆಧಾರಕ್ಕೆ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು.

ಊಟದ ಡಬ್ಬಿ ತೆರೆದು ಮುಚ್ಚಿದಳು. ರುಜು ಹಾಕಬಹುದು, ಆಗ ಎರಡು ಲಕ್ಷ ಮನೆಗಳಲ್ಲಿ, ಅವಳ ಕೈಬರಹದ ಭರವಸೆಯ ಮೇಲೆ, ಅವನು ಅಲ್ಲ. ಆ ಎರಡು ಲಕ್ಷದಲ್ಲಿ ಒಂದು ಅವನ ಮನೆ. ಭಾನುವಾರ ಬೆಳಿಗ್ಗೆ ಕನ್ನಡಕದವನು ಪುರವಣಿ ಬಿಡಿಸಿ, ಮೊದಲು ಪದಬಂಧವನ್ನೇ ನೋಡುವವನು. ಒಂಬತ್ತನ್ನು ತೆಗೆದುಹಾಕಬಹುದು, ಆಗ ಯಾಕೆ ಎಂದು ಕೇಳುತ್ತಾರೆ. ಎಂಟು ವರ್ಷದ ಹಿಂದೆ ತಮ್ಮ ರೆಫರಿಯಾಗಿ ದೊಡ್ಡ ಪಂದ್ಯಗಳಿಗೆ ಬಂದಾಗ, ಆಟದ ಪುಟದವನು ಅವನನ್ನು ಬರೆದು ಬೈಯುವುದೂ ಶುರುವಾಗಿ, ಇವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಪತ್ರಿಕೆಯವರು ನೆಂಟಸ್ತಿಕೆ ಹೇಳಿಕೊಳ್ಳಬಾರದು ಎಂದು ಕಾರಣ ಕೊಟ್ಟುಕೊಂಡಿದ್ದಳು. ಅವನು ನನ್ನ ತಮ್ಮ ಎಂದು ಬೆಳಿಗ್ಗೆ ಟೀ ಕುಡಿಯುವಾಗ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅಂದ ಕೂಡಲೇ ಎರಡು ಜೊತೆ ಕಣ್ಣು ಅವಳ ಮುಖದಿಂದ ಚಿತ್ರಕ್ಕೆ, ಚಿತ್ರದಿಂದ ಅವಳ ಮುಖಕ್ಕೆ ಓಡಾಡುತ್ತಿದ್ದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತನ್ನ ಮುಖ ತಾನಾಗಿಯೇ ಏನಾದರೂ ಹೇಳಿಬಿಡುತ್ತದೆ ಎಂದು ಅವಳು ಹೆದರಿದ್ದಳು. ಎರಡೂಕಾಲಿಗೆ ಚಿತ್ರವನ್ನು ಚೀಲದೊಳಗಿಟ್ಟು, ಎದ್ದು ಹೊರಟಳು.

ವಾರದಲ್ಲಿ ಮೂರು ಮಧ್ಯಾಹ್ನ ಅವನು ಕಾಲೇಜು ಮೈದಾನದಲ್ಲಿ ಒಬ್ಬನೇ ಓಡುತ್ತಿದ್ದ. ರೆಫರಿಗಳಿಗೂ ಓಟದ ಪರೀಕ್ಷೆ ಇರುತ್ತದೆ. ನಲವತ್ತೊಂದಕ್ಕೆ ಕಾಲು ಸೋತರೆ ದೊಡ್ಡ ಪಂದ್ಯ ಸಿಗುವುದಿಲ್ಲ. ಗೋಲು ಕಂಬದಿಂದ ಮಧ್ಯದ ಗೆರೆಯವರೆಗೆ ಜೋರಾಗಿ ಓಡಿ, ನಡೆದು ವಾಪಸು ಬಂದು, ಮತ್ತೆ ಓಡುತ್ತಿದ್ದ. ಅವಳು ಅಂಚಿನ ಕಲ್ಲು ಮೆಟ್ಟಿಲ ಮೇಲೆ ಕೂತು ನಾಲ್ಕು ಓಟ ನೋಡಿದಳು. ದೂರದಿಂದ ನೋಡಿದರೆ ಅವನು ಓಡುವ ಮನುಷ್ಯ, ಅಷ್ಟೇ. ಐದನೆಯ ಓಟಕ್ಕೆ ಅವನ ಕಣ್ಣಿಗೆ ಬಿದ್ದಳು.

“ಏನಕ್ಕಾ, ಯಾರು ಹೋದ್ರು?” ಎಂದ, ಏದುಸಿರಿನಲ್ಲೇ.

“ಯಾರೂ ಹೋಗಿಲ್ಲ ಕಣೋ. ಬಿಡ್ತು ಅನ್ನು.”

“ಆಫೀಸ್ ಟೈಮಲ್ಲಿ ನೀನು ಹೊರಗೆ ಕಂಡ್ರೆ ಇನ್ನೇನು ಅನ್ಕೊಳ್ಲಿ? ಅಪ್ಪ ಹೋದಾಗಲೂ ಪುಟ ಮುಗಿಸಿ ಬಂದವಳು ನೀನು.”

ಅವಳು ಚಿತ್ರ ತೆಗೆದು ಕೊಟ್ಟಳು. ಅವನು ಅಂಗಿಗೆ ಕೈ ಒರೆಸಿಕೊಂಡು ಹಿಡಿದ. “ಅಯ್ಯೋ, ಕೆನ್ನೆ ನೋಡು, ಕಪ್ಪೆ ಥರ. ಬೇರೆ ಸಿಗ್ಲಿಲ್ವಾ ನಿಮಗೆ?” ಎಂದು ನಕ್ಕು, ಪಕ್ಕದ ಮೆಟ್ಟಿಲ ಮೇಲೆ ಕೂತ. ಅವಳು ಆಟ ಏನೆಂದು ಹೇಳಿದಳು, ವರದಿ ಒಪ್ಪಿಸುವ ಹಾಗೆ, ಒಂದು ವಿವರವೂ ಬಿಡದೆ: ಹನ್ನೆರಡು ಚಿತ್ರ, ಏಳು ಚೀಟಿ, ಐದು ಖಾಲಿ, ಮೂವತ್ತು ಜನ, ಸರಾಸರಿ ಆರು. ಹೇಳುತ್ತಿದ್ದ ಹಾಗೆ ಅವನ ನಗು ಯಾವಾಗ ನಿಂತಿತೋ ಅವಳು ಗಮನಿಸಲಿಲ್ಲ.

“ನನ್ನನ್ನ ಯಾವ ಕಡೆ ಹಾಕಿದೀರಿ?”

“ಅಲ್ಲ ಅನ್ನೋ ಕಡೆ.”

“ನೀನು ಹಾಕಿದ್ಯಾ?”

“ನಾನಲ್ಲ. ಆದ್ರೆ ರುಜು ನಂದು ಬೇಕು. ನಾಲ್ಕಕ್ಕೆ ಪುಟ ಹೋಗುತ್ತೆ.”

“ಅದಕ್ಕೆ?”

“ಅದಕ್ಕೆ ಕೇಳೋಣ ಅಂತ ಬಂದೆ.” ಮಂತ್ರಿಗಳಿಗೆ, ಪೊಲೀಸರಿಗೆ, ಒಮ್ಮೆ ಒಬ್ಬ ಕೊಲೆಗಾರನಿಗೂ ಫೋನ್ ಮಾಡಿ, ಸ್ವಾಮಿ ಇದು ಹೌದೋ ಅಲ್ಲವೋ ಎಂದು ಕೇಳಿದ್ದಳು. “ಹೌದೋ, ಅಲ್ವೋ?”

ಅವನು ಚಿತ್ರವನ್ನು ತೊಡೆಯ ಮೇಲೆ ಬೋರಲು ಹಾಕಿದ. “ಪತ್ರಿಕೆಗೋ, ನಿಂಗೋ?”

ಪತ್ರಿಕೆಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ಎಷ್ಟು ಸುಲಭ ಎಂದು ಅವಳಿಗೆ ಒಮ್ಮೆಗೇ ಕಂಡಿತು. ಪತ್ರಿಕೆಗೆ ಎಂದರೆ ಅವನು, ಅಲ್ಲ ಅಂತ ಹಾಕ್ಕೋ ಅಕ್ಕ ಎನ್ನುತ್ತಾನೆ. ಅವನು ಹೇಳಿದ್ದನ್ನು ಅವಳು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾಳೆ: ಸ್ವತಃ ಹೇಳಿದ್ದು, ಇಂಥ ದಿನ, ಇಂಥ ಹೊತ್ತು, ಕಾಲೇಜು ಮೈದಾನ. ಮೂರನೆಯ ಸಾಲು ತುಂಬುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಚೊಕ್ಕವಾದ ಆಧಾರದ ಸುಳ್ಳು ಅವಳ ಮೇಜಿನಿಂದ ಹೋಗಿರುವುದಿಲ್ಲ. ಅಷ್ಟೇ ಅಲ್ಲ, ಮುಂದೆ ಎಂದೂ ಕೇಳುವ ಅಗತ್ಯವೇ ಬೀಳುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಮಾತನ್ನು ಅವಳು ಹೊಸಬರಿಗೆಲ್ಲ ಹೇಳುತ್ತಿದ್ದಳು. ಕಂಡದ್ದನ್ನು ಅಳಿಸುವುದಕ್ಕೂ ಪ್ರಮಾಣ ಸಾಕಾಗುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ.

“ನಂಗೆ,” ಎಂದಳು.

“ಹೌದಕ್ಕಾ.”

ಮೈದಾನದ ಆಚೆ ಬದಿಯಲ್ಲಿ ಯಾರೋ ನೀರಿನ ಪೈಪು ಎಳೆದುಕೊಂಡು ಹೋಗುತ್ತಿದ್ದರು. ಅವಳು ಅದನ್ನೇ ನೋಡಿದಳು. ಗೊತ್ತಿದ್ದ ವಿಷಯವೇ. ಗೊತ್ತಿರುವುದಕ್ಕೂ ಹೇಳಿಸಿಕೊಳ್ಳುವುದಕ್ಕೂ ಇಷ್ಟು ದೂರ ಇದೆಯೆಂದು, ದಿನವೂ ಅದೇ ದೂರವನ್ನು ಅಳೆಯುವ ಕೆಲಸ ಮಾಡಿಯೂ, ಅವಳು ಅಂದುಕೊಂಡಿರಲಿಲ್ಲ.

“ನೀನು ಕೇಳ್ತೀಯ ಅಂತ ಮೊದಲೆರಡು ವರ್ಷ ಉತ್ತರ ಬಾಯಿಪಾಠ ಮಾಡಿಟ್ಕೊಂಡಿದ್ದೆ,” ಎಂದ ಅವನು. “ಉದ್ದದ್ದು. ಚೆನ್ನಾಗಿತ್ತು. ಕನ್ನಡಿ ಮುಂದೆ ನಿಂತು ಅವನಿಗೂ ಹೇಳಿ ತೋರಿಸಿದ್ದೆ. ಇಲ್ಲಿ ಸ್ವಲ್ಪ ಜಾಸ್ತಿ ಆಯ್ತು, ಇಲ್ಲಿ ಅಳಬೇಡ ಅಂತ ಅವನು ತಿದ್ದಿದ್ದ. ಆಮೇಲೆ ಮರೆತೇಹೋಯ್ತು. ಊರಿನವರನ್ನೆಲ್ಲ ಕೇಳೋದನ್ನೇ ಕಸುಬು ಮಾಡ್ಕೊಂಡವಳು ನೀನು. ನನ್ನೊಬ್ಬನ್ನ ಬಿಟ್ಟೆ.”

“ನೀನೇ ಹೇಳ್ಲಿ ಅಂತ...”

“ಗೊತ್ತು. ನಿಮ್ಮ ನಿಯಮ.”

ಅವಳು ತಲೆ ತಗ್ಗಿಸಿದಳು. ಆಮೇಲೆ, ಕೇಳಬಾರದೇನೋ ಎಂದುಕೊಳ್ಳುತ್ತಲೇ, ಕೇಳತೊಡಗಿದಳು. ಒಂದು ಕೇಳಿದ ಮೇಲೆ ಇನ್ನೊಂದು ತಾನಾಗಿ ಬಂತು. ಎಲ್ಲಿ ಸಿಕ್ಕಿದ ಅವನು? ಕಣ್ಣಿನ ಪರೀಕ್ಷೆಗೆ ಹೋದಾಗ. ರೆಫರಿಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯ. ಗೋಡೆಯ ಅಕ್ಷರ ಓದಲು ಹೇಳಿದರೆ ಇವನು ಅವನ ಮುಖವನ್ನೇ ನೋಡುತ್ತ ಕೊನೆಯ ಸಾಲು ತಪ್ಪು ಓದಿದನಂತೆ, ಅವನು ಗಾಬರಿಯಾಗಿ ಮೂರು ಸಲ ಪರೀಕ್ಷೆ ಮಾಡಿದನಂತೆ. ಅಡುಗೆ ಯಾರು ಮಾಡ್ತೀರಿ? ಅವನು. ಜಗಳ? ಆಡ್ತೀವಿ, ಬಚ್ಚಲ ದೀಪ ಆರಿಸೋ ವಿಷಯಕ್ಕೆ. ಯಾರ್ಯಾರಿಗೆ ಗೊತ್ತು?

“ಗೊತ್ತಿರೋರಿಗೆ ಗೊತ್ತು. ಮೈದಾನದಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಇನ್ನೊಂದು ಮೂರು ವರ್ಷ ಓಡ್ತೀನಿ ನಾನು. ಒಂದು ಆಫ್‌ಸೈಡ್ ತಪ್ಪಿದ್ರೆ ನನ್ನ ಏಳು ತಲೆಮಾರು ಎಳೀತಾರೆ ಜನ. ಅವರ ಬಾಯಿಗೆ ಅವನನ್ನೂ ಕೊಡಲ್ಲ ನಾನು.” ಚಿತ್ರವನ್ನು ಅವಳ ಕೈಗೆ ವಾಪಸಿಟ್ಟು ಅಂದ, “ಆದ್ರೆ ಅಲ್ಲ ಅಂತ ಅಚ್ಚಾಗೋದೂ ಬೇಡಕ್ಕಾ. ಭಾನುವಾರ ಅವನು ಅದನ್ನ ಓದೋವಾಗ ನಾನು ಎದುರುಗಡೆ ಕೂತಿರ್ತೀನಿ.”

ಮೂರೂಮುಕ್ಕಾಲಿಗೆ ಫೋನ್ ಬಂತು. ಪದಬಂಧದವಳ ದನಿ ಮೆಟ್ಟಿಲಿನ ತನಕ ಕೇಳುವಷ್ಟು ದೊಡ್ಡದು. “ಮೇಡಂ ಎಲ್ಲಿದೀರಿ? ಪುಟದವರು ಪ್ರಾಣ ತಿಂತಿದಾರೆ. ಐದಕ್ಕೂ ರುಜು ಇಲ್ಲ, ಒಂಬತ್ತರ ಅಚ್ಚೇ ಕಾಣ್ತಿಲ್ಲ.”

“ಒಂಬತ್ತು ನನ್ನ ಹತ್ರ ಇದೆ. ಅದನ್ನ ತೆಗಿ.”

“ಯಾಕೆ ಮೇಡಂ? ಎಲ್ಲರ ಕೈಲೂ ಆಗೋದು ಅದೊಂದೇ. ನೀವೂ ಸರಿ ಹೇಳಿದ್ರಿ.”

ತಮ್ಮ ಪಕ್ಕದಲ್ಲಿ ಬೂಟಿನ ದಾರ ಬಿಚ್ಚುತ್ತಿದ್ದ. ಅವಳು ಅವನ ಬೆನ್ನು ನೋಡುತ್ತ ಹೇಳಿದಳು, “ಆ ರೆಫರಿ ನನ್ನ ತಮ್ಮ. ನಮ್ಮ ಮನೆಯವರ ಚಿತ್ರಕ್ಕೆ ನಾನು ರುಜು ಹಾಕೋ ಹಾಗಿಲ್ಲ.”

ಆ ಕಡೆ ಗದ್ದಲ ಒಮ್ಮೆಗೇ ತಗ್ಗಿತು. ಫೋನಿನ ಹತ್ತಿರವೇ ಇದ್ದ ಆಟದ ಪುಟದವನ ದನಿ, “ಯಾರ ತಮ್ಮ? ಏನಂದ್ರು?” ಎಂದಿತು. ಪದಬಂಧದವಳು ಮೆಲ್ಲಗೆ, “ನಿಮ್ಮ ಸ್ವಂತ ತಮ್ಮನಾ ಮೇಡಂ? ಬೆಳಿಗ್ಗೆ ಟೀ ಕುಡಿಯೋವಾಗ ಹೇಳ್ಲೇ ಇಲ್ಲ,” ಎಂದಳು.

“ಹೌದು. ಹೇಳ್ಬೇಕಿತ್ತು. ತಪ್ಪು ನಂದು.” ಅವಳ ದನಿ ಮಾಮೂಲಿನಂತೆ ಗಟ್ಟಿಯಾಯಿತು. “ಉಳಿದ ನಾಲ್ಕು ಜನಕ್ಕೆ ಫೋನ್ ಮಾಡಿ ಕೇಳು. ಅಲ್ಲ ಅಂತ ಅವರೇ ಹೇಳಿದ್ರೆ ಹಾಕು.”

“ಸೇನಾಧಿಕಾರಿಗಳಿಗೆ ಫೋನ್ ಮಾಡಿ ನೀವು ಗೇನಾ ಸಾರ್ ಅಂತ ಕೇಳ್ಲಾ?”

“ಕೇಳಕ್ಕೆ ಬಾಯಿ ಬರಲ್ಲ ಅಂದ್ರೆ ಹಾಕೋದೂ ಬೇಡ. ಆ ಏಳು ಜನರನ್ನ ಏಳು ಜನರಾಗಿಯೇ ಹಾಕು, ಅವರು ಹೇಳಿದ ಮಾತಿನ ಜೊತೆ. ಆ ನ್ಯಾಯಾಧೀಶರ ಮಾತು ಚೆನ್ನಾಗಿದೆ.”

“ಆಗ ಅದು ಆಟ ಆಗಲ್ಲ ಮೇಡಂ.”

“ಆಗಲ್ಲ,” ಎಂದು ಒಪ್ಪಿಕೊಂಡಳು. ಹುಡುಗಿಯ ಬಗ್ಗೆ ನಿಜವಾಗಿ ಮರುಕವಾಯಿತು. ಮೂವತ್ತು ಜನರನ್ನು ಕೇಳಿದ್ದಳಲ್ಲ, ತನಗಿಂತ ಒಳ್ಳೆಯ ಕೆಲಸಗಾರ್ತಿ. “ಜಾಗ ಉಳಿದ್ರೆ ಪದಬಂಧ ದೊಡ್ಡದು ಮಾಡು. ನಾನು ಬಂದು ಸಂಪಾದಕರ ಹತ್ರ ಮಾತಾಡ್ತೀನಿ.”

ಫೋನ್ ಇಟ್ಟ ಮೇಲೆ ಅವನು ಬಿಚ್ಚಿದ ದಾರವನ್ನು ಮತ್ತೆ ಕಟ್ಟಿದ.

“ಎಂಟು ವರ್ಷ ಆಫೀಸಲ್ಲಿ ನಿಂಗೆ ತಮ್ಮನೇ ಇರ್ಲಿಲ್ವಾ ಅಕ್ಕಾ?” ಎಂದ.

ಇದ್ದ, ಹೇಳುವ ಸಂದರ್ಭ ಬರಲಿಲ್ಲ ಎನ್ನಬಹುದಿತ್ತು. ಕೆಲಸದ ನಿಯಮ ಎನ್ನಬಹುದಿತ್ತು, ಅದರಲ್ಲಿ ಅರ್ಧದಷ್ಟು ನಿಜವೂ ಇತ್ತು. “ಇರ್ಲಿಲ್ಲ,” ಎಂದಳು.

ಅವನು ಎದುರಿನ ಗೋಲು ಕಂಬದ ಕಡೆ ನೋಡುತ್ತಿದ್ದ. ಅವಳು ಅವನ ಮುಖ ನೋಡಿದಳು. ಬೆವರು ಆರಿ ಕೆನ್ನೆಯ ಮೇಲೆ ಸಣ್ಣ ಬಿಳಿ ಗೆರೆಯಾಗಿತ್ತು. ಎಡ ಹುಬ್ಬಿನಲ್ಲಿ ಎರಡು ನರೆಗೂದಲು, ಯಾವಾಗ ಬಂದವೋ. ತುಟಿಯ ಕೊನೆ ಒಂದಿಷ್ಟು ಮೇಲೆದ್ದಿತ್ತು, ನಗುವಿಗೂ ಹಾಗೆ ಏಳುತ್ತದೆ, ಅಳು ತಡೆಯುವಾಗಲೂ. ನಲವತ್ತೊಂದು ವರ್ಷ ನೋಡಿದ ಮುಖ. ಅದರಿಂದ ಅವಳಿಗೆ ಏನೂ ಗೊತ್ತಾಗಲಿಲ್ಲ.

“ಬೇಜಾರಾಯ್ತೇನೋ?” ಎಂದು ಕೇಳಿದಳು.

“ಹೂಂ. ಆಯ್ತು,” ಎಂದ ಅವನು. ಅವಳು ಚೀಲಕ್ಕೆ ಕೈ ಹಾಕುವುದನ್ನು ಕಂಡು ಅಂದ, “ಏಳಬೇಡ. ಇನ್ನೂ ಸ್ವಲ್ಪ ಕೂತ್ಕೋ.”